ಕಣದ ಲೆಕ್ಕ, ಕಾಳಿನ ಲೆಕ್ಕ

ರಾಜಕಾರಣಿಯ ಬಾಳನ್ನು ಅಳೆಯುವ ಕೋಲು ಯಾವುದು? ಎಷ್ಟು ಸಲ ಗೆದ್ದರು, ಎಷ್ಟು ಮತಗಳ ಅಂತರ, ಯಾವ ಪಕ್ಷ, ಇಷ್ಟನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಇದು ಕಣದ ಲೆಕ್ಕವಾಯಿತೇ ಹೊರತು ಕಾಳಿನ ಲೆಕ್ಕವಾಗಲಿಲ್ಲ. ಲೋಕಸಭೆಗೆ ಹೋದವರು ಯಾವ ಪ್ರಶ್ನೆಯನ್ನು ಹೊತ್ತು ಹೋದರು, ಅದನ್ನು ಎಲ್ಲಿಯವರೆಗೆ ಮುಟ್ಟಿಸಿದರು ಎಂಬುದೇ ನನ್ನ ದೃಷ್ಟಿಯಲ್ಲಿ ನಿಜವಾದ ಅಳತೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಈ ಅಳತೆಯ ಹಳೆಯ ಮಾದರಿಯೊಂದು ಹತ್ತಿರದಲ್ಲಿಯೇ ಉಂಟು.

ಅಳವಂಡಿಯ ಶಿವಮೂರ್ತಿಸ್ವಾಮಿಗಳು ಹೈದರಾಬಾದು ವಿಮೋಚನೆಯ ಹೋರಾಟದಲ್ಲಿ ಮುಂಡರಗಿ ಶಿಬಿರದ ಮುಂದಾಳುಗಳು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತಾದರೂ ರಾಯಚೂರು ಸೀಮೆಯ ಕನ್ನಡಿಗರು ಹೈದರಾಬಾದು ರಾಜ್ಯದೊಳಗೇ ಉಳಿದರು. ದೇಶದಲ್ಲೆಲ್ಲ ಕಾಂಗ್ರೆಸ್ಸಿನ ಗಾಳಿ ಬೀಸುತ್ತಿದ್ದ 1952ರ ಮೊದಲ ಮಹಾಚುನಾವಣೆಯಲ್ಲಿ ಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು. ಅವರಿಗೆ ಪಕ್ಷವಿರಲಿಲ್ಲ, ಪ್ರಶ್ನೆಯಿತ್ತು: ಕನ್ನಡ ನಾಡು ಒಂದಾಗುವುದು ಎಂದಿಗೆ? ಅವರು ಸದಸ್ಯರಾಗಿದ್ದ ಲೋಕಸಭೆಯೇ ರಾಜ್ಯ ಪುನರ್ವಿಂಗಡಣೆಯ ಶಾಸನವನ್ನು ಅಂಗೀಕರಿಸಿತು; 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರಿಗೆ ಸೇರಿತು.

ಇನ್ನು ಮುಂದಿನ ಅಧ್ಯಾಯ ವಿಚಿತ್ರವಾದುದು. ಏಕೀಕರಣವಾದ ಕೆಲವೇ ತಿಂಗಳಲ್ಲಿ, 1957ರ ಚುನಾವಣೆಯಲ್ಲಿ, ಕೊಪ್ಪಳದ ಸ್ಥಾನ ಕಾಂಗ್ರೆಸ್ಸಿನ ಎಸ್. ಎ. ಅಗಡಿಯವರಿಗೆ ಹೋಯಿತು. 1962ರಲ್ಲಿ ಲೋಕಸೇವಕ ಸಂಘದಿಂದ ಸ್ವಾಮಿಗಳು ಮರಳಿ ಗೆದ್ದರು. 1967ರಲ್ಲಿ ಮತ್ತೆ ಅಗಡಿಯವರು ಬಂದರು. ಇದನ್ನು ಮತದಾರನ ಚಂಚಲತೆ ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಒಪ್ಪಿಸಿದ ಕೆಲಸ ಮುಗಿದ ಮೇಲೆ ಜನ ಹೊಸ ಕೆಲಸಕ್ಕೆ ಹೊಸ ಆಳನ್ನು ನೋಡಿದರು, ಅಷ್ಟೆ.

ಆ ಹೊಸ ಕೆಲಸ ನೀರಿನದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು ಜೋಳ, ಹತ್ತಿಗಳಿಗೆ ಮಿತವಾಗಿ ಹಂಚುವ ನೀರು. ಹೊಲಗಳಲ್ಲಿ ಬೆಳೆದುದು ಬತ್ತ. ಮೇಲಿನ ಗದ್ದೆ ಕುಡಿದು ಉಳಿದುದೇ ಕೆಳಗಿನವರ ಪಾಲು ಎಂಬಂತಾಯಿತು. ಸಿಂಧನೂರು ಬತ್ತದ ಪೇಟೆಯಾಗಿ ಬೆಳೆದಾಗಲೂ ಕಾಲುವೆಯ ಕೊನೆಯ ಊರುಗಳಲ್ಲಿ ಸಸಿ ಒಣಗುವ ಅಂಜಿಕೆ ತಪ್ಪಲಿಲ್ಲ. ಸಾಲದೆಂಬಂತೆ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಯೋಜನೆಗೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದ ಅಣೆಕಟ್ಟಿನ ಉಸ್ತುವಾರಿ ಕೇಂದ್ರ ಸರ್ಕಾರ ರಚಿಸಿದ ತುಂಗಭದ್ರಾ ಮಂಡಳಿಯದು. ನೀರು ನಮ್ಮ ಹೊಲದ ಮಾತು. ಬೀಗದ ಕೈ ಬಹುಪಾಲು ದೆಹಲಿಯ ಮಾತು. ಸಂಸತ್ಸದಸ್ಯನಿಗೆ ಇದಕ್ಕಿಂತ ತಕ್ಕ ಕಾರ್ಯ ಬೇರೊಂದಿರದು.

ಆದರೆ ಈ ನಡುವೆ ನಮ್ಮ ಚರ್ಚೆ ಬಾವುಟಗಳ ಬಣ್ಣಕ್ಕೆ ಇಳಿದುಬಿಟ್ಟಿತು. ಲಿಂಗಸುಗೂರು ತಾಲ್ಲೂಕಿನ ಆನ್ವರಿಯ ಬಸವರಾಜ ಪಾಟೀಲರು 1989ರಲ್ಲಿ ಕೊಪ್ಪಳದಿಂದ ಗೆದ್ದಾಗ, ರಾಜ್ಯದ 28 ಸ್ಥಾನಗಳಲ್ಲಿ ಜನತಾದಳಕ್ಕೆ ದಕ್ಕಿದ್ದು ಅದೊಂದೇ. 1991ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. ವಿಧಾನಸಭೆಯ ಮಟ್ಟದಲ್ಲಿ ಮಸ್ಕಿಯ ಕತೆ ಇನ್ನೂ ಸ್ವಾರಸ್ಯವಾದುದು. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾಜಪದ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಬಾವುಟಗಳನ್ನು ಅದಲುಬದಲು ಮಾಡಿಕೊಂಡು ನಿಂತರು. ತುರ್ವಿಹಾಳರು ಮೂವತ್ತು ಸಾವಿರಕ್ಕೂ ಮಿಕ್ಕಿದ ಮತಗಳಿಂದ ಗೆದ್ದರು. ಮತ ತಿರುಗಿದುದಕ್ಕೆ ಪಕ್ಷಾಂತರದ ಸಿಟ್ಟೊಂದೇ ಕಾರಣವೆನ್ನಲಾಗದು. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ತಂದು ಕೃಷ್ಣೆಯ ನೀರು ಕೊಡಿರೆಂದು ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತಿದ್ದ ಕಾಲವದು. ಬಾವುಟ ಬದಲಾದರೂ ಪ್ರಶ್ನೆ ಬದಲಾಗಿರಲಿಲ್ಲ.

ಈಗ ಈ ಮೂರು ಊರುಗಳಿಗೆ ದೆಹಲಿಯಲ್ಲಿ ಎರಡು ದನಿ. ಸಿಂಧನೂರು, ಮಸ್ಕಿಗಳು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಲಿಂಗಸುಗೂರು ರಾಯಚೂರಿಗೆ. 2024ರಲ್ಲಿ ಕೊಪ್ಪಳದಿಂದ ರಾಜಶೇಖರ ಹಿಟ್ನಾಳರೂ ರಾಯಚೂರಿನಿಂದ ಜಿ. ಕುಮಾರ ನಾಯಕರೂ ಆರಿಸಿ ಬಂದರು. ಇಬ್ಬರೂ ಮೊದಲ ಸಲ ಲೋಕಸಭೆಯನ್ನು ಹೊಕ್ಕವರು, ಒಂದೇ ಪಕ್ಷದವರು. ತುಂಗಭದ್ರೆಯ ಹೂಳನ್ನೂ ಕೃಷ್ಣೆಯ ಹಂಚಿಕೆಯನ್ನೂ ಒಂದೇ ದನಿಯಲ್ಲಿ ಕೇಳಲು ಇದು ತಕ್ಕ ಸಂಧಿ. ಅವರು ಪಕ್ಷವನ್ನು ತೊರೆಯಬೇಕಿಲ್ಲ. ಪ್ರಶ್ನೆಯನ್ನು ಪಕ್ಷಕ್ಕಿಂತ ಮುಂದಿಡಬೇಕು.

ಹಾಗೆಂದು ಹೊಣೆಯನ್ನೆಲ್ಲ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಿವಮೂರ್ತಿಸ್ವಾಮಿಗಳ ಬೆನ್ನಿಗೆ ಏಕೀಕರಣವನ್ನು ದಿನವೂ ಆಡಿಕೊಳ್ಳುತ್ತಿದ್ದ ಜನವಿತ್ತು. ಸದನದಲ್ಲಿ ನಮ್ಮವರು ಏನು ಕೇಳಿದರು, ಯಾವ ಮಂತ್ರಿ ಏನು ಉತ್ತರ ಕೊಟ್ಟರು ಎಂಬುದು ಇಂದು ಯಾರು ಬೇಕಾದರೂ ಓದಬಹುದಾದ ಕಡತ. ನಮ್ಮ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಕುಳಿತು ವರ್ಷಕ್ಕೊಮ್ಮೆ ಅದನ್ನು ಓದಿ ಊರಿಗೆ ತಿಳಿಸಿದರೆ ಸಾಕು. ಮುಂದಿನ ಸಲ ಮತ ಕೇಳಲು ಬಂದವರಿಗೆ ಕಾಲುವೆಯ ಕೊನೆಯ ರೈತನು ಜಾತಿಯನ್ನಾಗಲಿ ಬಾವುಟವನ್ನಾಗಲಿ ವಿಚಾರಿಸದೆ, ಆ ಕಡತವನ್ನೇ ಮುಂದಿಟ್ಟು ಮಾತನಾಡಿಸಬಲ್ಲನು.