ನಡಿಗೆ ಪಾಠದ ದಾರಿಯನ್ನು ಯಾರು ಹಾಕಬೇಕು?

ಕಳೆದ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಮದ್ದೂರಿನ ಒಂದು ಶಾಲೆಯಲ್ಲಿ ವೀಕ್ಷಿಸಿದ ಸಮಾಜ ವಿಜ್ಞಾನದ ಪಾಠಕ್ಕೆ ನಾನು 25ಕ್ಕೆ 22 ಅಂಕ ಕೊಟ್ಟೆ. ಅಂಕಪಟ್ಟಿ ಆಗಲೇ ಹೋಗಿಯಾಗಿದೆ, ತಿದ್ದುವಂತಿಲ್ಲ. ಆದರೆ ಆ ಅಂಕ ಕೊಟ್ಟದ್ದು ತಪ್ಪು ಎಂದು ಇಲ್ಲಿ ಬರೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ತಪ್ಪು ಪ್ರಶಿಕ್ಷಣಾರ್ಥಿಯದಲ್ಲ, ನನ್ನದು.

ಅದು ತರಗತಿಯೊಳಗಿನ ಪಾಠವಲ್ಲ. ಎಂಟನೇ ತರಗತಿಯ 36 ಮಕ್ಕಳನ್ನು ಹಳೇ ಊರಿನ ಬೀದಿಗಳಲ್ಲಿ ಕರೆದುಕೊಂಡು ಹೋಗಿ, ಅಲ್ಲಲ್ಲಿ ನಿಲ್ಲಿಸಿ, ಊರಿನ ಇತಿಹಾಸ ಹೇಳುವ ನಡಿಗೆ. ಪ್ರಶಿಕ್ಷಣಾರ್ಥಿ ಮಳವಳ್ಳಿ ಕಡೆಯ ಹುಡುಗಿ. ತಯಾರಿಯಲ್ಲಿ ಕೊರತೆ ಇರಲಿಲ್ಲ. ಉಗ್ರನರಸಿಂಹಸ್ವಾಮಿ ದೇವಸ್ಥಾನದ ಮುಂದೆ ಹೊಯ್ಸಳರ ಕಾಲದ ಬಗ್ಗೆ ಐದು ನಿಮಿಷ. ವರದರಾಜಸ್ವಾಮಿಯ ಸುಮಾರು 12 ಅಡಿ ಎತ್ತರದ ವಿಗ್ರಹದ ಮುಂದೆ ಮಕ್ಕಳು ಕತ್ತೆತ್ತಿ ನಿಂತಾಗ ಅವಳು ಮಾತು ನಿಲ್ಲಿಸಿ ಸುಮ್ಮನಿದ್ದಳು. ಅದು ನನಗೆ ಬಹಳ ಹಿಡಿಸಿತು. ಆಮೇಲೆ ಶಿಂಷೆಯ ಕಡೆ ಕೈ ತೋರಿಸಿ ಶಿವಪುರದ ಧ್ವಜ ಸತ್ಯಾಗ್ರಹ: 1938ರ ಏಪ್ರಿಲ್, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ, ನಿಷೇಧಾಜ್ಞೆ, ಬಂಧನ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲಿಬಾರು. ಕೊನೆಗೆ ಮಕ್ಕಳು ಕಾಯುತ್ತಿದ್ದ ಮದ್ದೂರು ವಡೆಯ ಕತೆ.

ವಾಪಸ್ಸು ಬರುವಾಗ ಒಬ್ಬ ಹುಡುಗ ಸಾಲಿನಿಂದ ಹೊರಗೆ ಬಂದು ಕೇಳಿದ: “ಮಿಸ್, ನಮ್ ಕೇರಿ ಇಲ್ಲೇ ಹಿಂದ್ಗಡೆ ಅದೆ. ಅಲ್ಲಿಗ್ ಹೋಗಕಿಲ್ವಾ?”

“ಅಲ್ಲಿ ನೋಡುವಂಥದ್ದು ಏನೂ ಇಲ್ಲಪ್ಪ. ಬೆಲ್ ಹೊತ್ತಾಯ್ತು, ನಡಿ.”

ಹುಡುಗ ಸಾಲಿಗೆ ಸೇರಿಕೊಂಡ. ನಾನು ವೀಕ್ಷಣಾ ನಮೂನೆಯಲ್ಲಿ ‘ಸಮಯ ಪಾಲನೆ: ಉತ್ತಮ’ ಎಂದು ಬರೆದೆ.

ಆ ನಮೂನೆಯನ್ನು ರಾತ್ರಿ ಮತ್ತೆ ತೆಗೆದು ನೋಡಿದೆ. ಪೀಠಿಕೆ, ವಿಷಯ ಪ್ರಭುತ್ವ, ಪ್ರಶ್ನಿಸುವ ಕೌಶಲ, ಉಪಕರಣಗಳ ಬಳಕೆ, ನಿರ್ವಹಣೆ, ಮುಕ್ತಾಯ. ನಾಲ್ಕು ಗೋಡೆಗಳ ನಡುವಿನ ಪಾಠಕ್ಕೆ ಮಾಡಿದ ಪಟ್ಟಿಯನ್ನೇ ಬೀದಿಗೂ ಹಿಡಿದುಕೊಂಡು ಹೋಗಿದ್ದೆ. ಯಾವ ದಾರಿಯಲ್ಲಿ ನಡೆದರು, ಯಾವ ತಿರುವಿನಲ್ಲಿ ತಿರುಗಲಿಲ್ಲ, ಆ ದಾರಿಯನ್ನು ಯಾರು ತೀರ್ಮಾನಿಸಿದರು ಎಂಬುದಕ್ಕೆ ಅದರಲ್ಲಿ ಒಂದು ಅಂಕವೂ ಇರಲಿಲ್ಲ. ನಡಿಗೆ ಪಾಠದಲ್ಲಿ ಪಠ್ಯಪುಸ್ತಕದ ಜಾಗದಲ್ಲಿ ಇರುವುದು ದಾರಿ. ದಾರಿಗೆ ಅಂಕವಿಲ್ಲ ಎಂದರೆ ನಾವು ಪುಸ್ತಕ ನೋಡದೆ ಪಾಠಕ್ಕೆ ಅಂಕ ಕೊಟ್ಟ ಹಾಗೆ.

ಮಂಡ್ಯದ್ದೇ ಉದಾಹರಣೆ ತೆಗೆದುಕೊಳ್ಳಿ. ಸಕ್ಕರೆ ಕಾರ್ಖಾನೆಯ ಗೇಟಿನಿಂದ ನಡಿಗೆ ಶುರು ಮಾಡಿದರೆ ಊರಿನ ಕತೆ 1933ಕ್ಕೆ ಶುರುವಾಗುತ್ತದೆ. ಕನ್ನಂಬಾಡಿ ಕಟ್ಟೆ, ಇರ್ವಿನ್ ನಾಲೆ, ಲೆಸ್ಲಿ ಕೋಲ್ಮನ್, ಕಬ್ಬು, 1939ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ. ಗುತ್ತಲಿನ ಅರ್ಕೇಶ್ವರನ ಗುಡಿಯಿಂದ ಹೊರಟು ಪೇಟೆ ಬೀದಿಗೆ ಬಂದರೆ ಮಂಡ್ಯ ಇದ್ದಕ್ಕಿದ್ದಂತೆ ಹಳೆಯ ಊರಾಗುತ್ತದೆ, ಕಾರ್ಖಾನೆ ನಿನ್ನೆ ಮೊನ್ನೆ ಬಂದ ನೆಂಟನಂತೆ ಕಾಣುತ್ತದೆ. ಕಬ್ಬಿನ ಗಾಡಿಗಳು ಸರದಿ ನಿಲ್ಲುತ್ತಿದ್ದ ರಸ್ತೆಯಲ್ಲಿ ನಿಂತರೆ ಇನ್ನೂ ಒಂದು ಕತೆ, ರೈತನ ಕಡೆಯಿಂದ. ಮೂರೂ ನಿಜ. ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಅವರು ಕಾಲಲ್ಲಿ ನಡೆದದ್ದು ಮಾತ್ರ. ಪ್ರಶಿಕ್ಷಣಾರ್ಥಿ ಬಾಯಲ್ಲಿ ಏನೂ ಹೇಳದಿದ್ದರೂ ದಾರಿ ಹೇಳಿಬಿಡುತ್ತದೆ: ಇದು ಇತಿಹಾಸ, ಅದು ಅಲ್ಲ.

ಆ ಹುಡುಗನಿಗೆ ನಾವು ಹೇಳಿದ್ದೂ ಅದನ್ನೇ, ಇನ್ನೂ ಬಿಡಿಸಿ.

ಎರಡು ವಾರದ ಮೇಲೆ ಅದೇ ಪ್ರಶಿಕ್ಷಣಾರ್ಥಿ ತಾನಾಗಿಯೇ ಬಂದು, “ಸರ್, ಆ ಕೇರಿ ನೋಡ್ಕೊಂಡು ಬಂದೆ” ಎಂದಳು. ಅದು ಮೇದರ ಕೇರಿ. ಮೊರ, ಬುಟ್ಟಿ, ಮಂಕರಿ ಹೆಣೆಯುವ ನಾಲ್ಕಾರು ಮನೆಗಳು ಉಳಿದಿವೆ. ಹುಡುಗನ ಅಜ್ಜಿ ಒಂದು ಕಾಲದಲ್ಲಿ ಹೆಚ್ಚಾಗಿ ಹೆಣೆಯುತ್ತಿದ್ದದ್ದು ಚಂದ್ರಿಕೆ. ರೇಷ್ಮೆ ಸಾಕಾಣಿಕೆಯ ಮನೆಯಿಂದ ಬರದವರಿಗಾಗಿ ಹೇಳುತ್ತೇನೆ: ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅದನ್ನು ಬಿಡುವ ಬಿದಿರಿನ ದೊಡ್ಡ ತಟ್ಟಿಯೇ ಚಂದ್ರಿಕೆ. ಆಳೆತ್ತರದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ ಹೊಲಿದಿರುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಹುಳು ತನ್ನ ಗೂಡು ಕಟ್ಟುತ್ತದೆ. ಈಗ ಪ್ಲಾಸ್ಟಿಕ್ಕಿನದು ಬಂದು ಬಿದಿರಿನದನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿದೆ. ನಮ್ಮ ಪ್ರಶಿಕ್ಷಣಾರ್ಥಿಯ ಅಪ್ಪ ಮಳವಳ್ಳಿ ಕಡೆ ಹುಳು ಸಾಕುವವರು. ಹುಟ್ಟಿದಾಗಿನಿಂದ ಮನೆಯಲ್ಲಿ ಚಂದ್ರಿಕೆ ನೋಡಿದವಳು. ಅದನ್ನು ಯಾರು ಮಾಡುತ್ತಾರೆ, ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲವಂತೆ. ‘ನೋಡುವಂಥದ್ದು ಏನೂ ಇಲ್ಲ’ ಎಂದಿದ್ದ ಕೇರಿಗೂ ಅವಳ ಮನೆಯ ಅಟ್ಟಕ್ಕೂ ನಂಟಿತ್ತು.

ಎರಡನೇ ನಡಿಗೆಗೆ ಅಜ್ಜಿಯನ್ನು ಮೊದಲೇ ಕೇಳಿಕೊಂಡೆವು. ಅಜ್ಜಿ ಒಪ್ಪಿದರು, ಒಂದು ಷರತ್ತಿನ ಮೇಲೆ. “ಬರ್ಲಿ ಕನವ್ವ, ಮಕ್ಳು ಬಂದ್ರೆ ಬ್ಯಾಡ ಅನ್ನಕಾಯ್ತದಾ? ಆದ್ರೆ ಆ ಫೋನ್ ಎತ್ಕೊಂಡು ಮನೆ ಒಳಗೆಲ್ಲ ಫೋಟೊ ಹೊಡಿಬ್ಯಾಡಿ.”

ಈ ಷರತ್ತನ್ನು ನಾವು ಪಾಠ ಯೋಜನೆಯ ಮೊದಲ ಸಾಲಾಗಿ ಬರೆಯಬೇಕು ಎಂಬುದು ನನ್ನ ವಾದ. ನಮಗೆ ನಡಿಗೆಯ ಜಾಗ, ಇನ್ನೊಬ್ಬರಿಗೆ ಅದು ಮನೆ ಬಾಗಿಲು. ಜಪಾನಿನ ಕ್ಯೋಟೋ ನಗರದ ಗಿಯೋನ್ ಎಂಬ ಹಳೆಯ ಬಡಾವಣೆಯಲ್ಲಿ ಮಾರ್ಗದರ್ಶಿಯ ಹಿಂದೆ ಗುಂಪು ಗುಂಪಾಗಿ ಬರುವ ಪ್ರವಾಸಿಗರಿಂದ ಬೇಸತ್ತ ನಿವಾಸಿಗಳು 2024ರಲ್ಲಿ ತಮ್ಮ ಖಾಸಗಿ ಓಣಿಗಳಿಗೆ ಪ್ರವೇಶವಿಲ್ಲ, ಬಂದರೆ 10,000 ಯೆನ್ ದಂಡ ಎಂದು ಬೋರ್ಡು ಹಾಕಿದರು. ಅದೇ ದೇಶದ ಪ್ರಾಥಮಿಕ ಶಾಲೆಗಳ ಒಂದು ಮತ್ತು ಎರಡನೇ ತರಗತಿಯಲ್ಲಿ ವಿಜ್ಞಾನ, ಸಮಾಜ ಎರಡರ ಬದಲು 1992ರಿಂದ ‘ಸೇಕಾತ್ಸು’ ಎಂಬ ಒಂದೇ ವಿಷಯವಿದೆ. ಬದುಕು ಎಂದು ಅರ್ಥ. ಅದರಲ್ಲಿ ‘ಮಾಚಿ ತಾಂಕೆನ್’ ಎಂಬ ಚಟುವಟಿಕೆ, ಊರನ್ನು ಅನ್ವೇಷಿಸುವುದು. ಪುಟ್ಟ ಮಕ್ಕಳು ಶಾಲೆಯ ಸುತ್ತಲಿನ ಬೀದಿಗೆ ಹೋಗಿ, ಅಂಗಡಿಯವರನ್ನೂ ಕಸುಬಿನವರನ್ನೂ ಮಾತಾಡಿಸಿ, ಬಂದು ನಕ್ಷೆ ಬರೆಯುತ್ತಾರೆ. ಎರಡೂ ಕಡೆ ಕಾಲು ತುಳಿಯುವುದು ಬೀದಿಯನ್ನೇ. ಒಂದು ಕಡೆ ಬೀದಿಯವರು ನೋಟದ ವಸ್ತು, ಇನ್ನೊಂದು ಕಡೆ ಹೆಸರು ಹಿಡಿದು ಮಾತಾಡಿಸುವ ನೆರೆಯವರು. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಈ ವ್ಯತ್ಯಾಸ ಕಲಿಸದೆ ‘ಕ್ಷೇತ್ರ ಭೇಟಿ’ ಎಂದು ಬರೆಸುತ್ತಿದ್ದೇವೆ.

ಎರಡನೇ ನಡಿಗೆ ಚೆನ್ನಾಗಿ ನಡೆಯಿತು ಎಂದು ಹೇಳಲಾರೆ. ಗದ್ದಲ ಬಹಳವಾಯಿತು. ಮೂವರು ಪಾನಿಪೂರಿ ಗಾಡಿಯ ಹತ್ತಿರ ಸಿಕ್ಕಿಬಿದ್ದರು. ಆದರೆ ಮಕ್ಕಳು ಅಜ್ಜಿಯನ್ನು ಕೇಳಿದ ಪ್ರಶ್ನೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಬಿದಿರು ಎಲ್ಲಿಂದ ಬರುತ್ತಿತ್ತು? ಹಸಿ ಬಿದಿರೋ, ಒಣ ಬಿದಿರೋ? ಯಾವ ಊರಿನವರು ಹೆಚ್ಚು ಕೊಳ್ಳುತ್ತಿದ್ದರು? ದುಡ್ಡು ಆಗಲೇ ಕೊಡುತ್ತಿದ್ದರೋ, ಗೂಡು ಮಾರಿದ ಮೇಲೋ? ಕೊನೆಯದನ್ನು ಕೇಳಿದ್ದು ಹುಳು ಸಾಕುವ ಮನೆಯ ಹುಡುಗಿ, ಅವಳಿಗೆ ಆ ಸಾಲದ ಲೆಕ್ಕ ಗೊತ್ತು. ಅಜ್ಜಿ ನಕ್ಕು, “ರಾಮನಗರದಿಂದ ಬಂದ್ಮ್ಯಾಲೆ” ಎಂದರು. ಗೂಡಿನ ಮಾರುಕಟ್ಟೆಯ ಮಾತು. ಒಂದು ಕೇರಿ, ಒಂದು ಊರಿನ ಹುಳುಮನೆ, ಒಂದು ಮಾರುಕಟ್ಟೆ ಮೂರೂ ಆ ಒಂದು ಮಾತಿನಲ್ಲಿ ಬಂದುಬಿಟ್ಟವು. ಅರ್ಥಶಾಸ್ತ್ರದ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ಮೊದಲ ನಡಿಗೆಯಲ್ಲಿ ಮಕ್ಕಳು ಕೇಳಿದ ಪ್ರಶ್ನೆ ಒಂದೇ, ಆ ಹುಡುಗನದು. ವಡೆಯ ಕತೆಯನ್ನೂ ಯಾರೂ ಪ್ರಶ್ನಿಸಿರಲಿಲ್ಲ. 1917ರಲ್ಲಿ ರೈಲ್ವೆ ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಅವಸರದಲ್ಲಿ ಹಿಟ್ಟನ್ನು ಕೈಯಲ್ಲಿ ತಟ್ಟಿ ಕರಿದರು ಎಂದು ಊರೆಲ್ಲ ಹೇಳುತ್ತದೆ. ಅದನ್ನು ಹೇಳುವಾಗ ‘ಇದು ನಮಗೆ ಹೇಗೆ ಗೊತ್ತು, ಯಾರನ್ನು ಕೇಳಬೇಕು, ಎಲ್ಲಿ ನೋಡಬೇಕು’ ಎಂದು ಒಂದು ಮಾತು ಸೇರಿಸಿದರೆ ತಿಂಡಿಯ ಕತೆ ಆಕರ ವಿಮರ್ಶೆಯ ಪಾಠವಾಗುತ್ತದೆ. ಅಂದ ಹಾಗೆ, ಮಳವಳ್ಳಿಯಲ್ಲಿ ನಡಿಗೆ ಮಾಡಿಸಿದ ಇನ್ನೊಬ್ಬ ಪ್ರಶಿಕ್ಷಣಾರ್ಥಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದ ಊರಿನಲ್ಲಿ ‘ತೋರಿಸಲು ಏನೂ ಉಳಿದಿಲ್ಲ ಸರ್’ ಎಂದು ಯುದ್ಧವನ್ನೇ ಬಿಟ್ಟಿದ್ದ. ತೋರಿಸುವ ಕಲ್ಲು ಇಲ್ಲದಿದ್ದರೆ ಪಾಠವೂ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ!

ಈಗ ಆಕ್ಷೇಪಣೆಗಳು. ಪೋರ್ಷನ್ ಮುಗಿಯಬೇಕು, ಮುಖ್ಯೋಪಾಧ್ಯಾಯರು ಬಿಡುವುದಿಲ್ಲ, ಹೆದ್ದಾರಿ ದಾಟಿಸುವುದು ಅಪಾಯ ಎನ್ನುತ್ತಾರೆ. ಹೆದ್ದಾರಿ ದಾಟದ ದಾರಿ ಹಾಕಿ. ಸಂಭ್ರಮ ಶನಿವಾರದ ಬ್ಯಾಗ್‌ರಹಿತ ದಿನ ಬಳಸಿ. 2014ರ ಎನ್.ಸಿ.ಟಿ.ಇ. ನಿಯಮಾವಳಿಯಂತೆ ಬಿ.ಇಡಿ.ಗೆ 20 ವಾರಗಳ ಶಾಲಾ ಅನುಭವವಿದೆ. ಅದರಲ್ಲಿ ಒಂದು ಅರ್ಧ ದಿನ ಸಿಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ಒಬ್ಬ ಸಹೋದ್ಯೋಗಿ ಎತ್ತಿದ ಆಕ್ಷೇಪಣೆಗೆ ಮಾತ್ರ ಇಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. “ಮೇದರ ಕೇರಿ ಅಂತ ತರಗತಿಯನ್ನೆಲ್ಲ ಕರ್ಕೊಂಡು ಹೋಗಿ ನಿಲ್ಸಿದ್ರಲ್ಲ, ನಾಳೆಯಿಂದ ಆ ಹುಡುಗನ್ನ ಮಕ್ಕಳು ಏನಂತ ಕರೀತಾರೆ ಗೊತ್ತಾ ಸರ್?” ಎಂದರು. ಆ ಮಾತು ನನ್ನನ್ನು ಕಾಡಿತು. ಯಾಕೆಂದರೆ ಎರಡನೇ ನಡಿಗೆಯ ದಿನ ಆ ಹುಡುಗ ಮುಂದೆ ಬರಲಿಲ್ಲ. ಅಜ್ಜಿ ಮಾತಾಡುವಷ್ಟು ಹೊತ್ತೂ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅದು ಹೆಮ್ಮೆಯೋ ಸಂಕೋಚವೋ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿತ್ತು ಎಂದೂ ಅನಿಸಲಿಲ್ಲ. ಕೇರಿಯನ್ನು ಬಿಟ್ಟುಹೋದದ್ದು ಒಂದು ತಪ್ಪಾದರೆ, ಒಂದೇ ಕೇರಿಯನ್ನು ಆರಿಸಿ ಹೋದದ್ದು ಇನ್ನೊಂದು. ಜಾತಿ ಮತ್ತು ಕಸುಬು ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಊರುಗಳಲ್ಲಿ ಮೇಷ್ಟರು ಬೆರಳು ತೋರಿಸಿದ ಮನೆ ಸುಮ್ಮನೆ ಮನೆಯಾಗಿ ಉಳಿಯುವುದಿಲ್ಲ.

ಹಾಗಾಗಿ ನನ್ನ ನಿಲುವು ಬದಲಾಗಿದೆ. ದಾರಿಯನ್ನು ಪ್ರಶಿಕ್ಷಣಾರ್ಥಿಯೂ ಹಾಕಬಾರದು, ವೀಕ್ಷಕನೂ ಹಾಕಬಾರದು. ತರಗತಿಯ ಎಲ್ಲ ಮಕ್ಕಳೂ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಒಂದೊಂದು ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಅದರಲ್ಲಿ ತಾವು ನಿಲ್ಲುವ, ಕುತೂಹಲದಿಂದ ನೋಡುವ ಎರಡು ಜಾಗಗಳಿಗೆ ಗುರುತು ಹಾಕಲಿ. ಚೀಟಿಗಳನ್ನು ದೊಡ್ಡ ಹಾಳೆಯ ಮೇಲೆ ಒಟ್ಟಿಗೆ ಇಳಿಸಿದಾಗ ಕಾಣುವ ಬೀದಿಗಳಿಂದ ನಡಿಗೆ ಹುಟ್ಟಲಿ. ದೇವಸ್ಥಾನವೂ ಬರುತ್ತದೆ, ಕೇರಿಯೂ ಬರುತ್ತದೆ, ಯಾರ ಮನೆಯನ್ನೂ ಎತ್ತಿ ತೋರಿಸಿದಂತಾಗುವುದಿಲ್ಲ. ಪ್ರಶಿಕ್ಷಣಾರ್ಥಿಯ ಕೆಲಸ ಆ ದಾರಿಯಲ್ಲಿ ಮೊದಲೇ ಎರಡು ಸಲ ತಾನೊಬ್ಬನೇ ನಡೆದು, ಅಲ್ಲಿನವರನ್ನು ಕೇಳಿ, ಹೇಳಬೇಕಾದ್ದನ್ನು ಅರ್ಧಕ್ಕೆ ಇಳಿಸುವುದು. ವೀಕ್ಷಣಾ ನಮೂನೆಯಲ್ಲಿ ‘ದಾರಿ’ಗೆ ಐದು ಅಂಕ ಇಡಬೇಕು. ಆ ಐದನ್ನು ‘ಮುಕ್ತಾಯ’ದಿಂದ ತೆಗೆದರೆ ಯಾರಿಗೂ ನಷ್ಟವಿಲ್ಲ, ಬೀದಿಯಲ್ಲಿ ಪಾಠ ಮುಗಿಯುವುದು ಹೇಗೂ ಶಾಲೆಯ ಗೇಟಿನಲ್ಲಿ, ಓಡುವ ಮಕ್ಕಳ ಹಿಂದೆ.

ಈ ಸಲ ಮಂಡ್ಯದ ಒಂದು ಶಾಲೆಯಲ್ಲಿರುವ ಪ್ರಶಿಕ್ಷಣಾರ್ಥಿ ನನ್ನನ್ನು ಕೇಳಿದ: “ಸರ್, ಕಾರ್ಖಾನೆಯಿಂದ ಶುರು ಮಾಡ್ಲಾ, ಗುತ್ತಲಿನಿಂದ್ಲಾ?” ಚೀಟಿ ಬರೆಸು ಎಂದೆ. ಮೊನ್ನೆ 41 ಚೀಟಿ ತಂದು ಮೇಜಿನ ಮೇಲೆ ಹರಡಿದ. ಅದರಲ್ಲಿ ಒಂಬತ್ತು ಮಕ್ಕಳು ಗುರುತು ಹಾಕಿದ್ದು ಒಂದೇ ಜಾಗಕ್ಕೆ, ಮುಚ್ಚಿಹೋದ ಒಂದು ಹಿಟ್ಟಿನ ಗಿರಣಿ. ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅಲ್ಲೇನಿದೆಯೋ. ಶನಿವಾರ ಬೆಳಿಗ್ಗೆ ಅಲ್ಲಿಂದಲೇ ಹೊರಡುತ್ತೇವೆ.