ನೇಮಿಸಿದವರೇ ಹೊಣೆ ಹೊರಲಿ: ಸೇಡಂ–ಚಿಂಚೋಳಿ ಭಾಗದ ಉದ್ಯೋಗಾಕಾಂಕ್ಷಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ರಾಜ್ಯ ಸಚಿವ ಸಂಪುಟ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಇವರ ಮುಖಾಂತರ)

ಇವರಿಂದ,
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಉದ್ಯೋಗಾಕಾಂಕ್ಷಿಗಳು ಮತ್ತು ಅವರ ಪಾಲಕರು

ವಿಷಯ: ಲೋಕಸೇವಾ ಆಯೋಗ, ನೇಮಕಾತಿ ಸಂಸ್ಥೆಗಳು ಮತ್ತು ನಿಗಮ–ಮಂಡಳಿಗಳ ಉನ್ನತ ಹುದ್ದೆಗೆ ಬರುವವರ ಪೂರ್ವಾಪರ ಪರಿಶೀಲನೆ ಹಾಗೂ ಅವರನ್ನು ಆರಿಸಿದವರ ಹೊಣೆಗಾರಿಕೆ ಕುರಿತು.

ಮಾನ್ಯರೇ,

ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿ, ಶಹಾಬಾದಿನ ಕಲ್ಲು ಗಣಿಯ ದುಡಿಮೆ, ಸೇಡಂ–ಚಿಂಚೋಳಿಯ ತೊಗರಿ ಹೊಲದ ಆದಾಯ, ಇವುಗಳಲ್ಲಿ ಉಳಿಸಿದ ಹಣದಿಂದ ನಮ್ಮ ಮನೆಗಳ ಮಕ್ಕಳು ಕಲಬುರಗಿಯಲ್ಲೋ ಧಾರವಾಡದಲ್ಲೋ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಚಿಂಚೋಳಿಯ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದ್ದರಿಂದ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು, ಉದ್ಯೋಗದಲ್ಲಿ ನಮಗೆ ಪಾಲು ಸಿಕ್ಕಿತು. ಆದರೆ ಪರೀಕ್ಷೆ ನಡೆಸುವ ಕುರ್ಚಿಯಲ್ಲಿ ಕೂತವರೇ ಅನುಮಾನಕ್ಕೆ ಗುರಿಯಾದರೆ ಆ ಪಾಲು ನಮ್ಮ ಮಕ್ಕಳ ಕೈಗೆ ಬರುವ ಮೊದಲೇ ಸೋರಿಹೋಗುತ್ತದೆ.

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಅಕ್ರಮ ಮೊದಲು ಬಯಲಾದದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈ 4ರಂದು, ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪಾಲ್ ಅವರನ್ನು ಸಿಐಡಿ ಬಂಧಿಸಿತು. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಲಿ. ನಮ್ಮ ಪ್ರಶ್ನೆ ಬೇರೆ: ಆ ಕುರ್ಚಿಗೆ ಅವರನ್ನು ಕೂರಿಸಿದವರು ಯಾರು, ಕೂರಿಸುವ ಮುನ್ನ ಏನನ್ನು ಪರಿಶೀಲಿಸಿದರು? ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವಿನ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಬರೆದವರೂ ಶಿಕ್ಷೆ ಅನುಭವಿಸಿದರು.

ಲೋಕಸೇವಾ ಆಯೋಗದ ಕಥೆ ಇನ್ನೂ ಹಳೆಯದು. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆ ಸಿಐಡಿ ತನಿಖೆಗೆ ಒಳಗಾಯಿತು. 2014ರಲ್ಲಿ ಸರ್ಕಾರವೇ ಆ ಆಯ್ಕೆಯನ್ನು ಹಿಂಪಡೆಯಿತು. ಕೊನೆಗೆ 2022ರಲ್ಲಿ ಅದೇ ಆಯ್ಕೆಯನ್ನು ಸಿಂಧುಗೊಳಿಸಲು ಶಾಸನವನ್ನೇ ತರಬೇಕಾಯಿತು. 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಕನ್ನಡ ಮಾಧ್ಯಮದಲ್ಲೇ ಓದಿದ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಆದ ಏಟು ಅದು. ಪಕ್ಷಗಳು ಬದಲಾದವು, ಆಯ್ಕೆಯ ರೀತಿ ಬದಲಾಗಲಿಲ್ಲ.

ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಂವಿಧಾನದ 316ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಹೆಸರು ಹೋಗುವುದು ಮಾತ್ರ ತಮ್ಮ ಕಚೇರಿಯಿಂದ. ಒಮ್ಮೆ ನೇಮಕವಾದರೆ ಆರು ವರ್ಷ ಅಥವಾ 62 ವರ್ಷ ವಯಸ್ಸಿನವರೆಗೆ ಅವರನ್ನು ತಾವೂ ಕದಲಿಸಲಾರಿರಿ. ದುರ್ನಡತೆಯ ಆರೋಪದ ಮೇಲೆ ತೆಗೆಯಬೇಕಾದರೆ 317ನೇ ವಿಧಿಯಂತೆ ಸುಪ್ರೀಂ ಕೋರ್ಟ್ ವಿಚಾರಣೆ ನಡೆಸಬೇಕು, ರಾಷ್ಟ್ರಪತಿಗಳು ಆದೇಶಿಸಬೇಕು. ಆದ್ದರಿಂದ ಸೋಸುವುದೆಲ್ಲ ನೇಮಕಕ್ಕೆ ಮುಂಚೆಯೇ ಆಗಬೇಕು. ಪಂಜಾಬ್ ಲೋಕಸೇವಾ ಆಯೋಗದ ಅಧ್ಯಕ್ಷರ ನೇಮಕ ರದ್ದಾದದ್ದನ್ನು 2013ರ ಫೆಬ್ರುವರಿಯಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಪ್ರಾಮಾಣಿಕತೆ ಮತ್ತು ಸಾಮರ್ಥ್ಯ ನೋಡದೆ ಇಂಥ ಹುದ್ದೆ ತುಂಬುವಂತಿಲ್ಲ ಎಂದಿತು. ಅದೇ ವರ್ಷ ನಮ್ಮ ಸರ್ಕಾರವೇ ನೇಮಿಸಿದ್ದ ಪಿ.ಸಿ. ಹೋಟಾ ಸಮಿತಿಯೂ ಶೋಧನಾ ಸಮಿತಿಯ ಮೂಲಕ ಆಯ್ಕೆಯಾಗಲಿ ಎಂದಿತ್ತು.

ನೇಮಕಕ್ಕೆ ಮುಂಚೆ ಸೋಸದಿರುವುದನ್ನು ಲೋಕಾಯುಕ್ತದಲ್ಲೂ ಕಂಡಿದ್ದೇವೆ. 2011ರ ಆಗಸ್ಟ್‌ನಲ್ಲಿ ಲೋಕಾಯುಕ್ತರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರು ನಿವೇಶನದ ವಿಷಯದಲ್ಲಿ ಪ್ರಶ್ನೆ ಎದ್ದಾಗ ಸೆಪ್ಟೆಂಬರ್‌ನಲ್ಲೇ ಹುದ್ದೆ ಬಿಟ್ಟರು. ಅವರು ಹುದ್ದೆ ಬಿಟ್ಟ ರೀತಿಗೆ ನಮ್ಮ ಗೌರವವಿದೆ. ಆದರೆ ಆ ಪ್ರಶ್ನೆಯನ್ನು ಪ್ರಮಾಣವಚನಕ್ಕೆ ಮೊದಲೇ ಸರ್ಕಾರ ಕೇಳಬೇಕಿತ್ತು.

ಹುದ್ದೆ ಕೊಡುವ ಮುನ್ನ ಪರಿಶೀಲಿಸುವುದು ನಮಗೆ ಹೊರಗಿನಿಂದ ಬಂದ ವಿಚಾರವಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು ಶಹಾಬಾದ್ ಸಮೀಪದ ಮರತೂರಿನವರು. ಆ ಸ್ಮೃತಿಯ ರಾಜಧರ್ಮ ಪ್ರಕರಣವು ಶುಚಿಯಾದವರನ್ನೇ ಮಂತ್ರಿಗಳಾಗಿ ಆರಿಸುವುದನ್ನು ರಾಜನ ಕರ್ತವ್ಯವೆಂದು ಹೇಳುತ್ತದೆ.

ನಮ್ಮ ಹಕ್ಕೊತ್ತಾಯಗಳನ್ನು ಹೇಳುತ್ತೇವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಲೋಕಸೇವಾ ಆಯೋಗಕ್ಕೆ ಯಾರ ಹೆಸರನ್ನೇ ಶಿಫಾರಸು ಮಾಡಲಿ, ಅದು ರಾಜಭವನಕ್ಕೆ ಹೋಗುವ 30 ದಿನ ಮೊದಲು ಸಾರ್ವಜನಿಕವಾಗಿ ಪ್ರಕಟವಾಗಬೇಕು ಮತ್ತು ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶವಿರಬೇಕು. ಅದರೊಂದಿಗೆ ಮುಖ್ಯಮಂತ್ರಿಗಳ ಸಹಿಯುಳ್ಳ ಟಿಪ್ಪಣಿ ಇರಬೇಕು: ಈ ವ್ಯಕ್ತಿಯೇ ಏಕೆ, ಆಸ್ತಿ ವಿವರ, ಕ್ರಿಮಿನಲ್ ಪ್ರಕರಣ, ಇಲಾಖಾ ವಿಚಾರಣೆ, ಪಕ್ಷದ ನಂಟು, ಕೋಚಿಂಗ್ ಕೇಂದ್ರಗಳ ನಂಟು ಇವುಗಳಲ್ಲಿ ಏನೇನು ಪರಿಶೀಲಿಸಲಾಯಿತು, ಏನು ಕಂಡುಬಂತು. ಶಿಫಾರಸು ಪತ್ರ ಕೊಟ್ಟ ಶಾಸಕರು, ಸಚಿವರು, ಮಠಾಧೀಶರು ಯಾರೇ ಇರಲಿ, ಆ ಪತ್ರಗಳೂ ಕಡತದಲ್ಲಿ ಉಳಿಯಬೇಕು ಮತ್ತು ಮಾಹಿತಿ ಹಕ್ಕಿನಡಿ ಸಿಗಬೇಕು.

ಪೊಲೀಸ್ ನೇಮಕಾತಿ ವಿಭಾಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಿಗಮಗಳ ವ್ಯವಸ್ಥಾಪಕ ನಿರ್ದೇಶಕರ ಹುದ್ದೆಗಳಿಗೂ ಈ ಪರಿಶೀಲನೆ ಅನ್ವಯವಾಗಲಿ. ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದದ್ದು 2024ರಲ್ಲಿ ಬೆಳಕಿಗೆ ಬಂದಾಗ ನಿಗಮದ ನೌಕರರೊಬ್ಬರ ಜೀವವೇ ಹೋಗಿತ್ತು.

ನೇಮಕಗೊಂಡವರು ಭ್ರಷ್ಟಾಚಾರದ ಆರೋಪದಲ್ಲಿ ಬಂಧಿತರಾದರೆ, ನೇಮಿಸಿದ ನಾಯಕರು ಮುಂದಿನ ಅಧಿವೇಶನದಲ್ಲಿಯೇ ಸದನಕ್ಕೆ ಹೇಳಿಕೆ ಕೊಡಬೇಕು. ‘ಕಾನೂನು ತನ್ನ ಕೆಲಸ ಮಾಡುತ್ತದೆ’ ಎಂಬ ಉತ್ತರ ನಮಗೆ ಸಾಲದು. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಪಿ.ಜೆ. ಥಾಮಸ್ ಅವರ ನೇಮಕವನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 3ರಂದು ರದ್ದುಪಡಿಸಿದಾಗ, ಪ್ರಧಾನಿ ಮನಮೋಹನ್ ಸಿಂಗ್ ಅದರ ಹೊಣೆ ತಮ್ಮದೆಂದು ಸಂಸತ್ತಿನಲ್ಲೇ ಒಪ್ಪಿಕೊಂಡರು. ನಮ್ಮ ವಿಧಾನಸಭೆಯಲ್ಲೂ ಆ ಮಾತು ಕೇಳಿಬರಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರು ಹಾಗೂ ಕಾರ್ಯದರ್ಶಿಯ ನೇಮಕಕ್ಕೂ ಇದೇ ನಿಯಮ ಇರಲಿ.

ಈ ಮನವಿಯನ್ನು ಸಚಿವ ಸಂಪುಟದ ಮುಂದಿಟ್ಟು, ಮುಂದಿನ ವಿಧಾನಮಂಡಲ ಅಧಿವೇಶನಕ್ಕೆ ಮೊದಲು ನಮಗೆ ಲಿಖಿತ ಉತ್ತರ ಕಳಿಸಿಕೊಡಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಉದ್ಯೋಗಾಕಾಂಕ್ಷಿಗಳು ಹಾಗೂ ಪಾಲಕರು