ಬೂದಿ ಮತ್ತು ಕುಲ

ಸದ್ಭಕ್ತರೇ, ಹಂಪೆಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆನ್ನುವರು. ಈ ಸೀಮೆಯ ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂಬುದು ಶೋಧಕರ ನಿರ್ಣಯ. ಇದರಿಂದ ಶ್ರದ್ಧೆಗೆ ಕುಂದಿಲ್ಲ. ನಾವು ಧರಿಸುವ ವಿಭೂತಿಯೂ ಸಗಣಿಯ ಬೂದಿಯೇ.

ಆದರೆ ಯುವಲ್ ನೋಹ ಹರಾರಿಯವರ ‘ಸೇಪಿಯನ್ಸ್’ ಓದಿದ ಕೆಲವು ತರುಣರು, ‘ಮೇಲು-ಕೀಳಿನಂತೆ ಸಮಾನತೆಯೂ ಮಾನವ ಕಲ್ಪನೆ, ಜಾತಿಯ ಗೊಡವೆ ನಮಗೇಕೆ?’ ಎನ್ನುತ್ತಾರೆ. ಮೊದಲ ಮಾತು ಗ್ರಂಥದ್ದು. ಎರಡನೆಯದು ಇವರ ಸೋಮಾರಿತನದ್ದು. ಮನುಷ್ಯ ಕಟ್ಟಿದ್ದನ್ನು ಮನುಷ್ಯನೇ ಕೆಡವಬಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೆಡವಹೊರಟರು, ಪ್ರಾಣ ತೆತ್ತರು. ಹೆಣ್ಣು ನೋಡಲು ಹೋದಲ್ಲಿ ಒಳಪಂಗಡ ಕೇಳುವ ನೀವು, ಅದನ್ನು ಕಂಡೂ ಸುಮ್ಮನಿರುವ ಮಠಾಧೀಶರಾದ ನಾವು, ಯಾವ ಮುಖದಿಂದ ವಿಭೂತಿ ಧರಿಸುವುದು? ಆ ದಿಬ್ಬದ ಬೂದಿಯಲ್ಲಿ ಕುಲವನ್ನು ಆರಿಸಿ ತೋರಿಸಬಲ್ಲಿರಾ?